ಪರದೆಯ ಲೋಕ, ಮಾತಿನ ಆಟ

ಯಕ್ಷಗಾನ ಬಯಲಾಟದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಪುಂಜಾಲಕಟ್ಟೆಯ ಆಸುಪಾಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಅರ್ಥ ಹೇಳುತ್ತಾರೆ. ಎದುರಾಳಿಯ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು.

ವಿಡಿಯೋ ಗೇಮಿನ ಲೋಕವನ್ನು ಮೇಜಿನ ಸುತ್ತ ಕುಳಿತು ಆಡುವ ಪಾತ್ರದಾಟವಾಗಿಸುವ ಕೆಲಸವೂ ಇದೇ ಜಾತಿಯದು. ಅಣುಯುದ್ಧದ ಬಳಿಕದ ಜಗತ್ತನ್ನು ತೋರುವ ‘ಫಾಲ್‌ಔಟ್’ 1997ರಲ್ಲಿ ಕಂಪ್ಯೂಟರಿನ ಆಟವಾಗಿ ಬಂದಿತು. 2021ರಲ್ಲಿ ಮೊಡಿಫಿಯಸ್ ಸಂಸ್ಥೆ ಅದನ್ನು ಮೇಜಿಗಿಳಿಸಿತು. ಚಿತ್ರ ಹೋಯಿತು, ಸದ್ದು ಹೋಯಿತು. ಬಲ, ಬುದ್ಧಿ, ಅದೃಷ್ಟವೇ ಮೊದಲಾದ 7 ಗುಣಗಳು ಉಳಿದವು. ಯಂತ್ರವು ಮರೆಯಲ್ಲಿ ಮಾಡುತ್ತಿದ್ದ ಲೆಕ್ಕವನ್ನು ಇಲ್ಲಿ 20 ಮುಖಗಳ ಎರಡು ದಾಳಗಳಿಂದ ಮಾಡುತ್ತಾರೆ. ಗುಣ ಮತ್ತು ಪರಿಣತಿಗಳ ಮೊತ್ತವನ್ನು ಮೀರದ ದಾಳವು ಗೆಲುವಿನ ಲೆಕ್ಕಕ್ಕೆ ಸೇರುತ್ತದೆ.

ಇದರಿಂದ ಲಾಭವೇನು? ಯಂತ್ರವು ಮೊದಲೇ ಬರೆದಿಟ್ಟ ದಾರಿಗಳನ್ನಷ್ಟೇ ತೋರಬಲ್ಲದು. ಮೇಜಿನ ಸೂತ್ರಧಾರನಾದರೋ ಆಟಗಾರರು ಕೇಳಿದ ಯಾವ ಪ್ರಶ್ನೆಗೂ ಉತ್ತರಿಸಬೇಕು.

ಭೇದವೂ ಉಂಟು. ತಾಳಮದ್ದಳೆಯಲ್ಲಿ ಕರ್ಣನು ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದಲ್ಲಿ ಅವನಿಗೆ ಸಾವು ತಪ್ಪದು. ಮೇಜಿನ ಆಟದಲ್ಲಿ ಅಂತ್ಯ ಯಾರಿಗೂ ಮುಂಚಿತವಾಗಿ ತಿಳಿಯದು. ಆದ್ದರಿಂದ ರೂಪಾಂತರ ಮಾಡುವವರು ಮೊದಲು ಸಾಗಿಸಬೇಕಾದುದು ಆ ಲೋಕದ ಕಟ್ಟಳೆಗಳನ್ನು. ಕಥೆಯು ಆಮೇಲೆ ಆಡುವವರ ಮಾತಿನಿಂದಲೇ ಬೆಳೆಯುತ್ತದೆ.