ಹೊರಗೆ ಕಾಣದ ಸೋರಿಕೆ

ಲಕ್ಕವಳ್ಳಿಯ ಹೆಸರು ಕೇಳಿದೊಡನೆ ಭದ್ರಾ ಅಣೆಕಟ್ಟು ಕಣ್ಣಮುಂದೆ ನಿಲ್ಲುತ್ತದೆ. ಜಲಾಶಯದ ಪೂರ್ಣಮಟ್ಟ ೧೮೬ ಅಡಿ. ಅಷ್ಟು ಆಳದ ನೀರಿನ ಬುಡದಲ್ಲಿ ನೀರಿನ ಒತ್ತಡವೊಂದೇ ವಾಯುಭಾರದ ಐದು ಪಟ್ಟಿಗೂ ಮಿಗಿಲಾಗಿರುತ್ತದೆ. ಅಂಥ ಕಡೆ ಎಳ್ಳುಕಾಳಿನಷ್ಟು ರಂಧ್ರವಿದ್ದರೂ ನೀರು ಹೊರಕ್ಕೆ ಚಿಮ್ಮುವುದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸೋರಿಕೆಯೆಂದರೆ ಒಳಗಿರುವುದು ಹೊರಗೆ ಬರುವುದು. ಸೋರಿದ ಕಡೆ ಒದ್ದೆಯಾಗಿರುವುದು. ಈ ತಿಳಿವಳಿಕೆಯನ್ನೇ ನಂಬಿಕೊಂಡು, ಅದೇ ಲಕ್ಕವಳ್ಳಿಯಲ್ಲಿ, ನಾವು ಮೂವರು ಅರ್ಧ ದಿವಸ ಮೋಸಹೋದ ಪ್ರಸಂಗವನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ನಮ್ಮನ್ನು ಕಾಡಿದ್ದು ಒಂದು ಹಳೆಯ ಪಿಕಪ್ ಗಾಡಿ. ಅದರ ಯಜಮಾನರು ನನ್ನ ಬಂಧುಗಳ ನೆರೆಯವರು. ಸಣ್ಣದೊಂದು ಅಡಕೆ ತೋಟದ ಜೊತೆಗೆ ಈ ಗಾಡಿಯ ಬಾಡಿಗೆಯೇ ಅವರ ಸಂಸಾರಕ್ಕೆ ಆಧಾರ. ನಾಲ್ಕು ಸಿಲಿಂಡರುಗಳ ಡೀಸೆಲ್ ಎಂಜಿನು. ಹೊಸ ಗಾಡಿಗಳಲ್ಲಿರುವ ಎಲೆಕ್ಟ್ರಾನಿಕ್ ಸಾಧನಗಳೊಂದೂ ಅದರಲ್ಲಿಲ್ಲ. ಬೆಳಿಗ್ಗೆ ಎಂಜಿನು ಹತ್ತಬೇಕಾದರೆ ಬಹಳ ಹೊತ್ತು ತಿರುಗಿಸಬೇಕು. ಹತ್ತಿದ ಮೇಲೂ, ಗಾಡಿ ನಿಂತಿದ್ದು ಎಂಜಿನು ಮಾತ್ರ ಓಡುವಾಗ, ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಯ ಏರನ್ನು ಹಿಡಿದರಂತೂ, ಹೊರೆ ಹೊತ್ತ ಗಾಡಿ ಮೊದಲನೆಯ ಗೇರಿನಲ್ಲಿಯೂ ಏದುತ್ತಿತ್ತು. “ಪಿಕಪ್ಪಿಗೇ ಪಿಕಪ್ ಇಲ್ಲ ನೋಡಿ ಮೇಷ್ಟ್ರೇ” ಎಂದು ಯಜಮಾನರು ನಗಲು ಯತ್ನಿಸಿದರು. ಆದರೆ ನಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಪೇಟೆಯ ಗ್ಯಾರೇಜೊಂದರಲ್ಲಿ ಇಂಧನದ ಪಂಪನ್ನು ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಬೇಕೆಂದು ಹೇಳಿದ್ದರು. ಅದಕ್ಕೆ ಬೇಕಾದ ಹಣ ಎರಡು ತಿಂಗಳ ಬಾಡಿಗೆಯನ್ನೂ ಮೀರುತ್ತಿತ್ತು. ಅಡಕೆ ಕೊಯ್ಲಿನ ಕಾಲ, ಗಾಡಿಗೆ ಕೆಲಸ ಸಿಗುವ ದಿನಗಳು. ಸೊಸೈಟಿಯ ಸಾಲಕ್ಕೆ ಅರ್ಜಿಯೂ ಸಿದ್ಧವಾಗಿತ್ತು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲವೆಂಬುದು ಓದುಗರಿಗೆ ತಿಳಿದೇ ಇದೆ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿಬಿಡುತ್ತದೆ. ಅದರಿಂದ ಗಾಳಿಯ ಉಷ್ಣತೆ ೫೦೦ ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಅದರೊಳಕ್ಕೆ ತುಂತುರಾಗಿ ಬಿದ್ದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ತುಂತುರನ್ನು ಸಿಂಪಡಿಸುವ ನಾಜಲ್ಲು ತೆರೆಯಬೇಕಾದರೆ ನೂರಕ್ಕೂ ಹೆಚ್ಚು ವಾಯುಭಾರಗಳ ಒತ್ತಡ ಬೇಕು. ರುಡಾಲ್ಫ್ ಡೀಸೆಲನು ೧೮೯೭ರಲ್ಲಿ ಯಶಸ್ವಿಯಾಗಿ ಓಡಿಸಿದ ಎಂಜಿನಿನಲ್ಲಿ ಇಂಧನವನ್ನು ಒತ್ತಿದ ಗಾಳಿಯಿಂದಲೇ ಊದಿ ಒಳಕ್ಕೆ ತಳ್ಳಲಾಗುತ್ತಿತ್ತು. ಇಂಧನವನ್ನೇ ನೇರವಾಗಿ ಒತ್ತುವ ಪಂಪನ್ನು ಬಾಷ್ ಸಂಸ್ಥೆ ೧೯೨೭ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅಂದು ಸೇವಕನಾಗಿದ್ದ ಗಾಳಿ ಅಂದಿನಿಂದ ಶತ್ರುವಾಯಿತು!

ಹೇಗೆಂಬುದನ್ನು ಲೆಕ್ಕದಿಂದಲೇ ನೋಡೋಣ. ನಿಂತ ಗಾಡಿಯ ಎಂಜಿನು ನಿಮಿಷಕ್ಕೆ ೭೫೦ ಸುತ್ತು ತಿರುಗುತ್ತ, ಗಂಟೆಗೆ ಮುಕ್ಕಾಲು ಲೀಟರು ಡೀಸೆಲನ್ನು ಸುಡುವುದೆಂದು ಇಟ್ಟುಕೊಳ್ಳಿ. ಪ್ರತಿಯೊಂದು ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಇಂಧನ ಬೇಕು. ನಾಲ್ಕು ಸಿಲಿಂಡರುಗಳಿಗೆ ನಿಮಿಷಕ್ಕೆ ೧,೫೦೦, ಗಂಟೆಗೆ ೯೦,೦೦೦ ಸಲ. ಭಾಗಿಸಿದರೆ ಒಂದು ಸಲಕ್ಕೆ ಬರುವುದು ಸುಮಾರು ೮ ಘನ ಮಿಲಿಮೀಟರು. ನೀರಿನ ಒಂದು ಹನಿಯ ಆರರಲ್ಲೊಂದು ಪಾಲು. ಸಾಸಿವೆಕಾಳಿನಷ್ಟು, ಎಂದರೆ ೨ ಮಿಲಿಮೀಟರು ವ್ಯಾಸದ ಗಾಳಿಗುಳ್ಳೆಯ ಗಾತ್ರವೇ ೪ ಘನ ಮಿಲಿಮೀಟರು! ಡೀಸೆಲ್ ಒತ್ತಿದರೆ ಕುಗ್ಗದು. ಗಾಳಿಯಾದರೋ ಬಾಯ್ಲನ ನಿಯಮದಂತೆ ಕುಗ್ಗುತ್ತಲೇ ಹೋಗುತ್ತದೆ. ಪಂಪಿನ ದಂಡ ನಡೆಯುವ ದೂರದಲ್ಲಿ ಅರ್ಧ ಭಾಗ ಗುಳ್ಳೆಯನ್ನು ಹಿಂಡುವುದರಲ್ಲಿಯೇ ಮುಗಿದರೆ ನಾಜಲ್ಲಿಗೆ ಉಳಿಯುವುದೇನು?

ಆದರೆ ನಮ್ಮ ಗಾಡಿಯ ರೋಗ ಇದೇ ಎಂದು ಆಗಲೇ ಹೇಳುವಂತಿರಲಿಲ್ಲ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗುತ್ತದೆ. ೧,೪೩೪ ಮೀಟರು ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಸಮುದ್ರಮಟ್ಟಕ್ಕಿಂತ ನೂರಕ್ಕೆ ಹದಿನೈದರಷ್ಟು ಕಡಮೆ. ಶಕ್ತಿ ಕುಂದಲು ಇದು ಕಾರಣವಾದೀತು. ಆದರೆ ಎಂಜಿನು ಲಕ್ಕವಳ್ಳಿಯ ಅಂಗಳದಲ್ಲಿಯೂ ನಡುಗುತ್ತಿತ್ತಲ್ಲ! ಗಾಳಿಯ ಫಿಲ್ಟರು ಕಟ್ಟಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಬರಬೇಕು. ಏರಿನಲ್ಲಿ ಕಪ್ಪು ಹೊಗೆಯೇ ಕಾಣದೆಂದು ಯಜಮಾನರೆಂದರು. ಹಾಗಾದರೆ ಕೊರತೆ ಗಾಳಿಯದಲ್ಲ, ಇಂಧನದ್ದು.

ಊರಿನ ಮೇಸ್ತ್ರಿ, ಐವತ್ತು ದಾಟಿದ ಅನುಭವಿ, ಎಂಜಿನನ್ನು ಓಡಲು ಬಿಟ್ಟು, ಒಂದೊಂದೇ ನಾಜಲ್ಲಿಗೆ ಹೋಗುವ ಕೊಳವೆಯ ನಟ್ಟನ್ನು ತುಸು ಸಡಿಲಿಸಿ ಮತ್ತೆ ಬಿಗಿದರು. ಸಡಿಲಿಸಿದ ಸಿಲಿಂಡರು ಕೆಲಸ ನಿಲ್ಲಿಸುತ್ತದೆ. ಆಗ ಎಂಜಿನಿನ ಸದ್ದು ಬದಲಾಗದಿದ್ದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲವೆಂದರ್ಥ. ನಾಲ್ಕನ್ನೂ ಸಡಿಲಿಸಿದಾಗ ಸದ್ದು ಒಂದೇ ತೆರನಾಗಿ ಕುಗ್ಗಿತು. (ವಿದ್ಯಾರ್ಥಿಗಳು ಇದನ್ನು ತಾವೇ ಮಾಡಹೋಗಬಾರದು, ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು.) ದೋಷ ಯಾವುದೋ ಒಂದು ನಾಜಲ್ಲಿನದಾಗಲಿ ವಾಲ್ವಿನದಾಗಲಿ ಅಲ್ಲ, ನಾಲ್ಕಕ್ಕೂ ಸಮಾನವಾದದ್ದು. ಉಳಿದದ್ದು ಪಂಪು, ಇಲ್ಲವೆ ಅದರ ಹಿಂದಿನ ಕೊಳವೆ. ಟ್ಯಾಂಕಿನಿಂದ ಪಂಪಿನವರೆಗೆ ನಾವು ಮೂವರೂ ಕೈಯಾಡಿಸಿ ನೋಡಿದೆವು. ಎಲ್ಲಿಯೂ ಒಂದು ಹನಿ ಒದ್ದೆಯಿಲ್ಲ. ಹಾಗಾದರೆ ಪಂಪೇ ಸರಿ ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. ಒಪ್ಪಿದವರಲ್ಲಿ ನಾನೂ ಒಬ್ಬನೆಂದು ಹೇಳಲು ನಾಚಿಕೆಯಾಗುತ್ತದೆ.

ದಾರಿ ತೋರಿಸಿದ್ದು ಯಜಮಾನರ ಒಂದು ಮಾತು. “ಟ್ಯಾಂಕು ಫುಲ್ ಇದ್ರೆ ಇಷ್ಟು ತೊಂದ್ರೆ ಕೊಡಲ್ಲ. ಅರ್ಧಕ್ಕಿಳಿದ್ರೆ ಶುರು” ಎಂದರು. ಪಂಪು ಸವೆದಿದ್ದರೆ ಅದಕ್ಕೆ ಟ್ಯಾಂಕಿನ ಮಟ್ಟ ಹೇಗೆ ತಿಳಿದೀತು? ಇಂಥದೇ ಚೇಷ್ಟೆಯನ್ನು ಅಡಕೆ ಬೆಳೆಗಾರರೆಲ್ಲ ತೋಟದ ಬಾವಿಯಲ್ಲಿ ಕಂಡಿರುತ್ತಾರೆ. ಬೇಸಗೆಯಲ್ಲಿ ನೀರು ಕೆಳಗಿಳಿದಾಗ, ಹೀರುವ ಪೈಪಿನ ಜೋಡಣೆ ತುಸು ಸಡಿಲವಿದ್ದರೂ ಪಂಪು ಏರ್ ಹಿಡಿಯುತ್ತದೆ. ಜೋಡಣೆಯಿಂದ ನೀರು ತೊಟ್ಟಿಕ್ಕುವುದಿಲ್ಲ. ಏಕೆಂದರೆ ಪೈಪಿನ ಒಳಗಿನ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಮೆ. ಅಲ್ಲಿ ಸೋರುವುದು ನೀರಲ್ಲ, ಗಾಳಿ, ಅದೂ ಒಳಮುಖವಾಗಿ.

ಗಾಡಿಯ ಟ್ಯಾಂಕು ಪಂಪಿಗಿಂತ ಕೆಳಗಿದೆ. ಡೀಸೆಲ್ ಅರ್ಧ ಮೀಟರು ಮೇಲೇರಬೇಕಾದರೆ ಕೊಳವೆಯ ಮೇಲ್ತುದಿಯ ಒತ್ತಡ ವಾಯುಭಾರಕ್ಕಿಂತ ನೂರಕ್ಕೆ ನಾಲ್ಕರಷ್ಟು ಕಡಮೆಯಿರಬೇಕು. ಅಲ್ಪವೆನಿಸಿದರೂ ಗಾಳಿ ನುಗ್ಗಲು ಅದು ಸಾಲದೆ? ಪರೀಕ್ಷಿಸುವುದೆಂದು ನಿಶ್ಚಯಿಸಿದೆವು. ಕೊಳವೆಯನ್ನು ಟ್ಯಾಂಕಿನ ಕಡೆಯಿಂದ ಕಳಚಿ, ಡೀಸೆಲ್ ತುಂಬಿದ ಕ್ಯಾನಿಗೆ ಜೋಡಿಸಿ, ಕ್ಯಾನನ್ನು ಗಾಡಿಯ ನೆತ್ತಿಯ ಮೇಲಿಟ್ಟು, ಕೈಪಂಪಿನಿಂದ ಗಾಳಿಯನ್ನೆಲ್ಲ ಹೊರಹಾಕಿದೆವು. ಎಂಜಿನು ಒಂದೇ ಸಮನೆ ಗುಂಯ್‌ಗುಡತೊಡಗಿತು! ಕ್ಯಾನನ್ನು ಇಳಿಸಿ ನೆಲದ ಮೇಲಿಟ್ಟೆವು. ಎರಡು ನಿಮಿಷ ಕಳೆಯುವುದರೊಳಗೆ ಹಳೆಯ ನಡುಕ ಮರಳಿತು. ಪಂಪು ಅದೇ, ನಾಜಲ್ಲುಗಳು ಅವೇ, ಕೊಳವೆಯೂ ಅದೇ; ಬದಲಾದದ್ದು ಕ್ಯಾನಿನ ಎತ್ತರವೊಂದೇ. ಪಂಪು ನಿರಪರಾಧಿಯೆಂದು ಸಿದ್ಧವಾಯಿತು.

ಅಪರಾಧಿಯ ಸ್ಥಳವೆಲ್ಲಿ? ಕ್ಯಾನು ಮೇಲಿದ್ದಾಗ ಕೊಳವೆಯೊಳಗಿನ ಒತ್ತಡ ವಾಯುಭಾರವನ್ನು ಮೀರುತ್ತದೆ. ಸೋರಿಕೆಯ ದಿಕ್ಕು ತಿರುಗಿ ಡೀಸೆಲ್ ಹೊರಗೆ ಬರಲೇಬೇಕು. ಕ್ಯಾನನ್ನು ಮತ್ತೆ ನೆತ್ತಿಗೇರಿಸಿ ಕೊಳವೆಯನ್ನೆಲ್ಲ ಒರೆಸಿ ಕಾದೆವು. ಐದು ನಿಮಿಷ ಏನೂ ಇಲ್ಲ. ಯಜಮಾನರು ನನ್ನ ಮುಖ ನೋಡಿದರು. ಗಾಳಿಯ ಸ್ನಿಗ್ಧತೆ ಡೀಸೆಲ್ಲಿನದರ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಗಾಳಿ ಲೀಲಾಜಾಲವಾಗಿ ನುಸುಳುವ ಸಂದಿಯಲ್ಲಿ ಡೀಸೆಲ್ ತೆವಳಬೇಕಾಗುತ್ತದೆ. ಹತ್ತು ನಿಮಿಷದ ಮೇಲೆ, ಕಬ್ಬಿಣದ ಕೊಳವೆಗೆ ರಬ್ಬರಿನ ನಳಿಗೆ ಕೂಡುವಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ತೆಳುವಾದ ಪಸೆಯೊಂದು ಹೊಳೆಯಿತು. ಬಿಚ್ಚಿ ನೋಡಿದರೆ ರಬ್ಬರು ಗಡುಸಾಗಿ ಕೂದಲೆಳೆಯಷ್ಟು ಸೀಳಿತ್ತು.

ಉಳಿದ ಲಕ್ಷಣಗಳೂ ಈಗ ಅರ್ಥವಾದವು. ರಾತ್ರಿಯೆಲ್ಲ ಆ ಸೀಳಿನಿಂದ ಗಾಳಿ ಹೊಕ್ಕು ಕೊಳವೆಯ ಡೀಸೆಲ್ ಟ್ಯಾಂಕಿಗಿಳಿದುಬಿಡುತ್ತಿತ್ತು. ಆದುದರಿಂದಲೇ ಬೆಳಗಿನ ಹಟ. ಏರಿನಲ್ಲಿ ಎಂಜಿನು ಹಲವು ಪಟ್ಟು ಇಂಧನ ಬೇಡುವಾಗ ಹರಿವು ಹೆಚ್ಚಿ, ಕೊಳವೆಯ ಒತ್ತಡ ಇನ್ನೂ ಕುಗ್ಗಿ, ಗಾಳಿ ಇನ್ನಷ್ಟು ನುಗ್ಗುತ್ತಿತ್ತು.

ಒಂದು ಗೇಣು ಹೊಸ ನಳಿಗೆ, ಎರಡು ಕ್ಲಿಪ್ಪು. ಖಾತ್ರಿಗಾಗಿ ಮೇಸ್ತ್ರಿ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ನಳಿಗೆಯೊಂದನ್ನು ಸೇರಿಸಿ, ಗುಳ್ಳೆಯೊಂದೂ ಇಲ್ಲದ ಹೊಂಬಣ್ಣದ ಡೀಸೆಲ್ ಹರಿಯುವುದನ್ನು ನಮಗೆಲ್ಲ ತೋರಿಸಿದರು. ಆಮೇಲೆ ಅದನ್ನು ಕಳಚಿ ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು. ಅಂಥ ನಳಿಗೆ ಡೀಸೆಲ್ಲಿನಲ್ಲಿ ಬಹುಕಾಲ ಬಾಳದು. ಮರುದಿನ ಗಾಡಿ ಲಿಂಗದಹಳ್ಳಿಯ ದಾರಿ ಹಿಡಿಯಿತು. ಸೊಸೈಟಿಗೆ ಬರೆದಿಟ್ಟ ಅರ್ಜಿಯ ಹಿಂಬದಿಯಲ್ಲಿ ಯಜಮಾನರು ಆ ದಿನದ ಬಾಡಿಗೆಯ ಲೆಕ್ಕ ಬರೆದರು.