ಕಾರಿನೊಳಗೆ ಖಣದ ಸೊಬಗು: ಬಟ್ಟೆ ಮತ್ತು ರಾಳದ ಹೊದಿಕೆ

ಗೇರ್ ಸುತ್ತಲಿನ ಫಲಕ, ಕಿಟಕಿಯ ಸ್ವಿಚ್ಚುಗಳ ಚೌಕಟ್ಟು, ಡ್ಯಾಶ್‌ಬೋರ್ಡಿಗೆ ಅಡ್ಡಲಾಗಿ ಹಾಯುವ ಅಲಂಕಾರ ಪಟ್ಟಿ - ಇವು ಕಾರಿನ ಆಯುಷ್ಯ ಮುಗಿಯುವ ಎಷ್ಟೋ ಮೊದಲೇ ಗೀರು ಬಿದ್ದು ಕಳೆಗುಂದುವ ಭಾಗಗಳು. ಇವುಗಳಿಗೆ ಅಂಟುಹಾಳೆ ಹಚ್ಚಿಕೊಡುವ ಅಂಗಡಿಗಳು ಮುಂಬಯಿಯ ಕುರ್ಲಾ ಸಿಎಸ್‌ಟಿ ರಸ್ತೆಯಲ್ಲಿಯೂ, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿಯೂ, ದೆಹಲಿಯ ಕರೋಲ್‌ಬಾಗಿನಲ್ಲಿಯೂ ಸಾಲುಸಾಲಾಗಿವೆ. ಆದರೆ ಅಂಟುಹಾಳೆಯ ಮೇಲಿರುವುದು ನೇಯ್ಗೆಯ ಚಿತ್ರವೇ ಹೊರತು ನೇಯ್ಗೆಯಲ್ಲ. ನಿಜವಾದ ಬಟ್ಟೆಯನ್ನೇ ಫಲಕದ ಮೇಲೆ ಹಾಸಿ, ಪಾರದರ್ಶಕ ರಾಳದಲ್ಲಿ ಮುಳುಗಿಸಿ, ಗಾಜಿನಂತೆ ಹೊಳೆಯುವವರೆಗೆ ಉಜ್ಜುವ ಇನ್ನೊಂದು ವಿಧಾನವುಂಟು. ತಾಳ್ಮೆಯಿದ್ದವರು ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಬಟ್ಟೆಗೂ ರಾಳಕ್ಕೂ ಕಾರಿಗೂ ಇರುವ ನಂಟು ಹೊಸದೇನಲ್ಲ. ಪೂರ್ವ ಜರ್ಮನಿಯ ತ್ಸ್ವಿಕಾವ್ ನಗರದಲ್ಲಿ 1957ರಲ್ಲಿ ಆರಂಭವಾಗಿ 1991ರವರೆಗೆ ತಯಾರಾದ ಟ್ರಾಬಾಂಟ್ ಕಾರಿನ ಹೊರಮೈಯನ್ನು ಹತ್ತಿಯ ನಾರು ಮತ್ತು ಫೀನಾಲ್ ರಾಳವನ್ನು ಒತ್ತಿ ಮಾಡುತ್ತಿದ್ದರು. ಉಕ್ಕಿನ ಅಭಾವ ಕಲಿಸಿದ ಉಪಾಯವದು. 1981ರಲ್ಲಿ ಮೆಕ್ಲಾರೆನ್ ತಂಡವು ಇಂಗಾಲದ ನಾರಿನಿಂದ ರಚಿಸಿದ ಎಂಪಿ4/1 ಕಾರನ್ನು ಫಾರ್ಮುಲಾ ಒನ್ ಪಂದ್ಯಗಳಿಗೆ ಇಳಿಸಿದ ನಂತರ, ಆ ನಾರಿನ ಕಪ್ಪು ಹೆಣಿಗೆಯೇ ವೇಗದ ಲಾಂಛನವೆನಿಸಿತು. ಇಂದು ಅಂಗಡಿಗಳಲ್ಲಿ ಕಾಣುವ ಕಪ್ಪು ಚೌಕಳಿಯ ಹಾಳೆಗಳೆಲ್ಲ ಅದರ ಅನುಕರಣೆ. ಎಂಭತ್ತರ ವೇಗವನ್ನೂ ಮೀರದ ನಮ್ಮ ಸಂಸಾರದ ಕಾರಿಗೆ ಪಂದ್ಯದ ಕಾರಿನ ವೇಷವೇಕೆ ಎಂದು ಕೇಳುವವರಿಗೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವಿದೆ. ತೇರು, ಆನೆಹೆಜ್ಜೆ ಮುಂತಾದ ಸಣ್ಣ ವಿನ್ಯಾಸಗಳು ಒತ್ತೊತ್ತಾಗಿ ಮೂಡಿರುವ ಈ ಬಟ್ಟೆಯ ಒಂದು ಕುಪ್ಪಸದ ತುಂಡು ಮೂರು ನಾಲ್ಕು ಫಲಕಗಳಿಗೆ ಸಾಕು. ವಿನ್ಯಾಸ ಚಿಕ್ಕದಾದುದರಿಂದ ಅಂಗೈ ಅಗಲದ ಫಲಕದ ಮೇಲೂ ಅದು ಪೂರ್ಣವಾಗಿ ಕಾಣುತ್ತದೆ. ದೊಡ್ಡ ಹೂಬಳ್ಳಿಯ ಬಟ್ಟೆಗಳಿಗೆ ಈ ಅನುಕೂಲವಿಲ್ಲ.

ಇಲ್ಲಿ ಒಂದು ಮಾತು. ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಇಳಕಲ್ ಸೀರೆಯ ಸೆರಗನ್ನು ಇದಕ್ಕೆ ಬಳಸುವ ಆಸೆ ಅನೇಕರಲ್ಲಿ ಹುಟ್ಟುವುದು ಸಹಜ. ರಾಳ ಒಮ್ಮೆ ಕುಡಿದ ಬಟ್ಟೆ ಮತ್ತೆ ಬಟ್ಟೆಯಾಗದು. ತಪ್ಪಿದರೆ ಕೆತ್ತಿ ತೆಗೆದು ಎಸೆಯುವುದೊಂದೇ ದಾರಿ. ಹಳೆಯ ರೇಷ್ಮೆಯಂತೂ ರಾಳ ತಾಗಿದೊಡನೆ ಅರೆಪಾರದರ್ಶಕವಾಗಿ ತನ್ನ ಬಣ್ಣವನ್ನೇ ಬಿಟ್ಟುಕೊಡುವುದುಂಟು. ಮೊದಲು ಅಂಗಡಿಯ ಹೊಸ ತುಂಡಿನಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು. ಸೀರೆಯ ವಿಚಾರ ಮನೆಯ ಹಿರಿಯರೊಡನೆ ಕೂತು ನಿರ್ಧರಿಸಬೇಕಾದುದು. ಬಟ್ಟೆಯ ಗುಣವನ್ನು ಮುಂಚಿತವಾಗಿ ತಿಳಿಯಲು ಸುಲಭೋಪಾಯವೆಂದರೆ, ಒಂದು ಚೂರನ್ನು ನೀರಿನಲ್ಲಿ ನೆನೆಸಿ ಬಿಳಿಯ ಕಾಗದದ ಮೇಲೂ ಕರಿಯ ಕಾಗದದ ಮೇಲೂ ಹಾಸಿ ನೋಡುವುದು. ರಾಳದಲ್ಲಿ ಅದು ಬಹುಮಟ್ಟಿಗೆ ಹಾಗೆಯೇ, ಒಂದು ಛಾಯೆ ಗಾಢವಾಗಿ ಕಾಣುತ್ತದೆ. ಕರಿಯ ಕಾಗದದ ಮೇಲೆ ಮಂಕಾದರೆ, ಫಲಕಕ್ಕೆ ಮೊದಲು ಬಿಳಿಯ ಬಣ್ಣ ಬಳಿಯತಕ್ಕದ್ದು.

ಫಲಕವನ್ನು ಕಳಚಿದ ಮೇಲೆ ಅದರ ಬೆನ್ನಿನ ಅಚ್ಚು ಗುರುತನ್ನು ಓದಬೇಕು. ಎಬಿಎಸ್ ಎಂದಿದ್ದರೆ ಎಪಾಕ್ಸಿ ರಾಳ ಚೆನ್ನಾಗಿ ಹಿಡಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಎಂದಿದ್ದರೆ ಯಾವ ರಾಳವೂ ಸುಲಭವಾಗಿ ಅಂಟದು. ಕೆಲವು ತಿಂಗಳಲ್ಲಿ ಹೊದಿಕೆ ಸಿಪ್ಪೆಯಂತೆ ಎದ್ದುಬರುತ್ತದೆ. ಅಂಥದನ್ನು ಬಿಟ್ಟುಬಿಡುವುದೇ ಜಾಣತನ. ಅಗ್ಗವೆಂದು ದೋಣಿ, ನೀರಿನ ಟಾಕಿಗಳಿಗೆ ಬಳಸುವ ಪಾಲಿಯೆಸ್ಟರ್ ರಾಳವನ್ನು ತರುವವರುಂಟು. ಅದರ ಸ್ಟೈರೀನ್ ವಾಸನೆ ಫ್ಲ್ಯಾಟಿನ ಇಡೀ ಮಹಡಿಗೆ ಹರಡುತ್ತದೆ, ಪ್ಲಾಸ್ಟಿಕ್ಕಿನ ಮೇಲಿನ ಹಿಡಿತವೂ ಎಪಾಕ್ಸಿಯಷ್ಟಿಲ್ಲ.

ಸಾಬೂನಿನಿಂದ ತೊಳೆದು ಒಣಗಿಸಿದ ಫಲಕವನ್ನು 120ನೆಯ ನಂಬರಿನ ಪಾಲಿಶ್ ಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಬೇಕು. ರಾಳ ಮತ್ತು ಹಾರ್ಡನರ್‌ಗಳನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ತಕ್ಕಡಿಯಲ್ಲಿ ತೂಗಿಯೇ ಕಲಸತಕ್ಕದ್ದು. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ, ಹಾಗೆ ಮಾಡಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗದು. ಒಮ್ಮೆಲೇ ಬಹಳ ಕಲಸಿದರೆ ಬಟ್ಟಲಿನಲ್ಲಿಯೇ ಕಾದು ಹೊಗೆಯಾಡಬಹುದು. ಮೊದಲ ತೆಳುಲೇಪ ಹಚ್ಚಿ, ಬೆರಳಿಗೆ ಅಂಟಿದರೂ ಬೆರಳಿನೊಡನೆ ಏಳದ ಹದ ಬರುವವರೆಗೆ ಕಾಯಬೇಕು. ಈ ಹದವೇ ಇಡೀ ಕೆಲಸದ ಜೀವ. ಪಾಕದ ಎಳೆಯನ್ನು ನೋಡಿ ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಿಲ್ಲ. ಇಸ್ತ್ರಿಮಾಡಿ ತೇವ ತೆಗೆದ ಬಟ್ಟೆಯನ್ನು ಆಗ ನಡುವಿನಿಂದ ಅಂಚಿನತ್ತ, ಎಳೆ ಸೊಟ್ಟಗಾಗದಂತೆ ಒತ್ತುತ್ತ ಹಾಸಬೇಕು. ಮೂಲೆಗಳಲ್ಲಿ ಕತ್ತರಿಸಿ ಹಿಂಬದಿಗೆ ಮಡಚಬೇಕು. ಅದು ಕೂತ ಮೇಲೆ ಬಟ್ಟೆ ತೃಪ್ತಿಯಾಗುವಷ್ಟು ರಾಳ ಕುಡಿಸಿ, ಗಟ್ಟಿಯಾದ ನಂತರ ಉಜ್ಜಿ, ಮತ್ತೆ ಲೇಪಿಸಿ, ಹೀಗೆ ಮೂರು ನಾಲ್ಕು ಸಲ. ಉಜ್ಜುವಾಗ ಎಳೆಗೆ ತಾಗಿದರೆ ಅಲ್ಲಿ ಬಿಳಿಯ ಚುಕ್ಕೆ ಉಳಿದುಬಿಡುತ್ತದೆ. ಆದುದರಿಂದ ಮೇಲಿನ ಪದರ ದಪ್ಪವಾಗಿರಲಿ. ಕೊನೆಗೆ 400, 800, 1500, 2000ನೆಯ ಕಾಗದಗಳಿಂದ ನೀರು ಹಾಕಿ ತಿಕ್ಕಿ, ನೇರಳಾತೀತ ಕಿರಣವನ್ನು ತಡೆಯುವ ಪಾರದರ್ಶಕ ಲ್ಯಾಕರ್ ಸಿಂಪಡಿಸಬೇಕು. ಅದಿಲ್ಲದೆ ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಯ ಹವೆ ಈ ಕೆಲಸಕ್ಕೆ ಹಿತವಲ್ಲ. ತೇವದಲ್ಲಿ ರಾಳದ ಮೇಲೆ ಮೇಣದಂತಹ ಪೊರೆ ಕಟ್ಟುತ್ತದೆ, ಅದನ್ನು ಬೆಚ್ಚನೆಯ ನೀರಿನಲ್ಲಿ ತೊಳೆಯದೆ ಮುಂದಿನ ಲೇಪ ಹಚ್ಚಿದರೆ ಪದರಗಳು ಬೇರ್ಪಡುತ್ತವೆ. ಹಾರ್ಡನರ್ ಚರ್ಮಕ್ಕೆ ತಾಗಿ ತಾಗಿ ಕೆಲವರಿಗೆ ಜೀವನಪರ್ಯಂತ ಉಳಿಯುವ ಅಲರ್ಜಿ ಹತ್ತುತ್ತದೆ. ನೈಟ್ರೈಲ್ ಕೈಗವಸು, ಉಜ್ಜುವಾಗ ಧೂಳು ತಡೆಯುವ ಮುಖವಾಡ, ತೆರೆದ ಬಾಲ್ಕನಿ - ಇವು ಅವಶ್ಯ. ಮಕ್ಕಳನ್ನು ದೂರವಿಡಿ.

ಇನ್ನು ಎಲ್ಲಿ ಹೊದಿಸಬಾರದೆಂಬುದು, ಎಲ್ಲಕ್ಕಿಂತ ಮುಖ್ಯವಾದ ವಿಷಯ. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದಲೂ, ಹೊಸ ಮಾದರಿಗಳಲ್ಲಿ ಮುಂದಿನ ಸಹಪ್ರಯಾಣಿಕರ ಏರ್‌ಬ್ಯಾಗ್ 2021ರ ಏಪ್ರಿಲ್ 1ರಿಂದಲೂ ಕಡ್ಡಾಯವಾಗಿವೆ. ಸ್ಟಿಯರಿಂಗಿನ ನಡುಭಾಗ, ಎಡಗಡೆಯ ಡ್ಯಾಶ್‌ಬೋರ್ಡಿನ ಮುಚ್ಚಳ, ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಗಾಜಿನ ಪಕ್ಕದ ಕಂಬದ ಹೊದಿಕೆ - ಇವು ಕಣ್ಣೆವೆ ಮುಚ್ಚುವುದಕ್ಕೂ ಮೊದಲೇ ನಿಗದಿತ ಗೆರೆಯಲ್ಲಿ ಹರಿದು ತೆರೆದುಕೊಳ್ಳುವಂತೆ ತಯಾರಾದವು. ಅವುಗಳ ಮೇಲೆ ಗಟ್ಟಿ ರಾಳದ ಕವಚವಿದ್ದರೆ ಚೀಲ ಬಿಡುಗಡೆಯಾಗುವುದು ತಡೆಯಬಹುದು, ಇಲ್ಲವೆ ಕವಚ ಚೂರಾಗಿ ಮುಖಕ್ಕೆ ಹಾರಬಹುದು. ಯಾವ ಅಂದಕ್ಕಾಗಿಯೂ ಅವುಗಳನ್ನು ಮುಟ್ಟಕೂಡದು. ಬೇರೆ ಫಲಕಗಳನ್ನು ಬಿಚ್ಚುವಾಗಲೂ ಬ್ಯಾಟರಿಯ ಋಣ ತಂತಿಯನ್ನು ಕಳಚಿ ಕೆಲವು ನಿಮಿಷ ಬಿಟ್ಟು ಕೈಹಾಕಬೇಕು.

ಡ್ಯಾಶ್‌ಬೋರ್ಡಿನ ಮೇಲ್ಮೈಯೂ ಬೇಡ. ಅಲ್ಲಿನ ಹೊಳಪು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕೋರೈಸುತ್ತದೆ. ಮೇಲಾಗಿ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಆ ಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಕೋಣೆಯ ಶಾಖದಲ್ಲಿ ಗಟ್ಟಿಯಾದ ಸಾಧಾರಣ ಎಪಾಕ್ಸಿ 50-60 ಡಿಗ್ರಿಯಲ್ಲಿಯೇ ಮೆತ್ತಗಾಗತೊಡಗುತ್ತದೆ. ಚೆನ್ನೈ, ಹೈದರಾಬಾದಿನ ವಾಚಕರು ಹೆಚ್ಚು ಶಾಖ ತಾಳುವ ದರ್ಜೆಯ ರಾಳವನ್ನೇ ಕೇಳಿ ಪಡೆಯಬೇಕು. ಮುಗಿದ ಫಲಕವನ್ನು ಒಂದು ವಾರ ಹಾಗೆಯೇ ಬಿಟ್ಟು ಅನಂತರ ಜೋಡಿಸತಕ್ಕದ್ದು. ಹೊದಿಕೆಯಿಂದ ಅಂಚು ಸುಮಾರು ಒಂದು ಮಿಲಿಮೀಟರಿನಷ್ಟು ದಪ್ಪವಾಗಿರುವುದರಿಂದ, ಸ್ವಿಚ್ಚುಗಳ ರಂಧ್ರಗಳನ್ನೂ ಕ್ಲಿಪ್ಪುಗಳ ಜಾಗವನ್ನೂ ಅರದಿಂದ ಅಷ್ಟೇ ಸವೆಸಿದರೆ ಫಲಕ ಒತ್ತಡವಿಲ್ಲದೆ ತನ್ನ ಸ್ಥಾನದಲ್ಲಿ ಕೂರುತ್ತದೆ.