ಸೊರಗಿದ ಸೂರ್ಯಕಾಂತಿ: ಉಳಿಸಬಹುದಾದ ಗಿಡ, ಕೀಳಲೇಬೇಕಾದ ಗಿಡ

ಸೂರ್ಯಕಾಂತಿ ಸೊರಗುತ್ತಿದೆ ಎಂಬ ದೂರು ಪಂಚಾಯಿತಿಗೆ ಬಂದಾಗ ಸದಸ್ಯರು ಮೊದಲು ಹೊಲಕ್ಕೆ ಹೋಗಿ ಗಿಡವನ್ನು ನೋಡುವುದು ಒಳಿತು. ಕಾರಣ ತಿಳಿಯದೆ ಸಿಂಪಡಿಸಿದ ಔಷಧಿಯಿಂದ ರೈತನಿಗೆ ಖರ್ಚೇ ಹೊರತು ಬೆಳೆಗೆ ಪ್ರಯೋಜನವಿಲ್ಲ. ಬೆಳೆ ಸೊರಗಲು ಕಾರಣಗಳು ಹಲವು; ಅವುಗಳಲ್ಲಿ ಹೆಚ್ಚಿನವನ್ನು ರೈತನೇ ಸರಿಪಡಿಸಿಕೊಳ್ಳಬಲ್ಲನು. ಆದರೆ ಒಂದು ಕಾರಣದ ಬೇರು ಪಂಚಾಯಿತಿಯ ಜಾಗದಲ್ಲಿಯೇ ಇರುತ್ತದೆ.

ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಆತಂಕ ಬೇಡ. ಬೆಳಗ್ಗೆಯೂ ಜೋತುಬಿದ್ದಿದ್ದು ಮಣ್ಣು ಒಣಗಿದ್ದರೆ ನೀರಿನ ಕೊರತೆ ಎಂದು ತಿಳಿಯಬೇಕು. ಮೊಗ್ಗು ಮೂಡುವ, ಹೂ ಅರಳುವ ಮತ್ತು ಕಾಳು ಕಟ್ಟುವ ಹಂತಗಳಲ್ಲಿ ತೇವ ತಪ್ಪಬಾರದು. ತೇವ ಮರಳಿದ ನಂತರ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಬೆರೆಸಿ ಸಿಂಪಡಿಸಿದರೆ ಬೆಳವಣಿಗೆ ಚುರುಕಾಗುತ್ತದೆ. ಕಪ್ಪು ಮಣ್ಣಿನಲ್ಲಿ ತೊಂದರೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು: ನೀರು ನಿಂತು ಬೇರಿಗೆ ಉಸಿರಾಟವಿಲ್ಲದೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಅಲ್ಲಿ ಬಸಿಗಾಲುವೆ ತೆಗೆಯುವುದೇ ಪರಿಹಾರ.

ಗಿಡ ಹುಲುಸಾಗಿದ್ದರೂ ತೆನೆಯ ನಡುಭಾಗ ಜೊಳ್ಳಾಗುವುದುಂಟು. ಹೂವಿನ ಅಂಚಿನ ಎಸಳುಗಳು ಬಿಚ್ಚಿಕೊಳ್ಳುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಕರಗಿಸಿ ತೆನೆಗೆ ಸಿಂಪಡಿಸುವುದರಿಂದ ಬೋರಾನ್ ಕೊರತೆ ನೀಗುತ್ತದೆ. ಜೇನುನೊಣಗಳು ವಿರಳವಾದ ಊರುಗಳಲ್ಲಿ ಬೆಳಗಿನ ಹೊತ್ತು ಅಂಗೈಗೆ ಮೃದುವಾದ ಬಟ್ಟೆ ಸುತ್ತಿ, ದಿನ ಬಿಟ್ಟು ದಿನ ತೆನೆಯಿಂದ ತೆನೆಗೆ ಹಗುರವಾಗಿ ಸವರಬೇಕು. ಹೂವಿರುವಾಗ ಕೀಟನಾಶಕ ಹೊಡೆದು, ಬಳಿಕ ಕಾಳು ಕಟ್ಟಲಿಲ್ಲವೆಂದು ಬೀಜವನ್ನು ದೂರುವುದು ನ್ಯಾಯವಲ್ಲ.

ಇನ್ನು ಚೇತರಿಸದ ಗಿಡದ ವಿಚಾರ. ಎಲೆಯ ನಡುನರದ ಬಳಿ ಆರಂಭವಾದ ಒಣ ಮಚ್ಚೆ ತೊಟ್ಟಿಗೂ ಕಾಂಡಕ್ಕೂ ಹರಡಿ, ಎಲೆ ತಿರುಚಿ, ತೆನೆ ಸೊಟ್ಟಗಾಗಿ ಅರಳದೆ ಹೋದರೆ ಅದು ನೆಕ್ರೋಸಿಸ್ ನಂಜುರೋಗ. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಇದು ಮೊದಲು ಕಂಡುಬಂದಿತು. 2000ರಲ್ಲಿ ನೆರೆಯ ಅನಂತಪುರದ ಶೇಂಗಾ ಬೆಳೆಯನ್ನು ಹಾಳುಗೆಡವಿದ್ದೂ ಇದೇ ನಂಜು. ಇದಕ್ಕೆ ಔಷಧಿಯಿಲ್ಲ, ರೋಗಪೀಡಿತ ಗಿಡವನ್ನು ಕಂಡೊಡನೆ ಕಿತ್ತು ನಾಶಪಡಿಸಬೇಕು.

ಈ ನಂಜು ಪಾರ್ಥೇನಿಯಂ, ಅಂದರೆ ನಮ್ಮ ಜನ ಕಾಂಗ್ರೆಸ್ ಗಿಡವೆನ್ನುವ ಕಳೆಯಲ್ಲಿ ರೋಗಲಕ್ಷಣ ತೋರದೆ ಅಡಗಿರುತ್ತದೆ. ಕಳೆಯ ಪರಾಗ ಗಾಳಿಯಲ್ಲಿ ಮತ್ತು ಥ್ರಿಪ್ಸ್ ಕೀಟದ ಮೈಗಂಟಿಕೊಂಡು ಬಂದು ಸೂರ್ಯಕಾಂತಿಯ ಎಲೆಯ ಮೇಲೆ ಬೀಳುತ್ತದೆ. ಥ್ರಿಪ್ಸ್ ಎಲೆಯನ್ನು ಕೆರೆದ ಗಾಯದ ಮೂಲಕ ನಂಜು ಒಳಸೇರುತ್ತದೆ. ರೈತನು ಇಮಿಡಾಕ್ಲೋಪ್ರಿಡ್‌ನಿಂದ ಬೀಜೋಪಚಾರ ಮಾಡಬಹುದು. ಬಿತ್ತನೆಗೆ ಸುಮಾರು 15 ದಿನ ಮೊದಲೇ ಹೊಲದ ಸುತ್ತ ಮೂರು-ನಾಲ್ಕು ಸಾಲು ಜೋಳವನ್ನು ತಡೆಯಾಗಿ ಬಿತ್ತಬಹುದು. ಆದರೆ ಹೊಲಕ್ಕೆ ಹೊಂದಿಕೊಂಡ ರಸ್ತೆಬದಿ, ಶಾಲೆಯ ಅಂಗಳ, ಕೆರೆಯ ಏರಿ ಮತ್ತು ಸ್ಮಶಾನಗಳಲ್ಲಿ ಬೆಳೆದ ಕಳೆಯನ್ನು ಅವನೊಬ್ಬನೇ ಕೀಳಲಾರನು.

ಆದುದರಿಂದ ಸೂರ್ಯಕಾಂತಿ ಬಿತ್ತನೆ ಆರಂಭವಾಗುವ ಮೊದಲೇ ಸಾರ್ವಜನಿಕ ಸ್ಥಳಗಳ ಪಾರ್ಥೇನಿಯಂ ನಿರ್ಮೂಲನವನ್ನು ಗ್ರಾಮಸಭೆಯ ಮುಂದಿಟ್ಟು, ಸದಸ್ಯರು ತಮ್ಮ ತಮ್ಮ ವಾರ್ಡಿನ ಸ್ಥಳಗಳನ್ನು ಗುರುತಿಸಿಕೊಡುವುದು ಸೂಕ್ತ. ಕೀಳುವ ಕೆಲಸ ಹೂ ಬಿಡುವ ಮುನ್ನ, ಮಣ್ಣು ಹಸಿಯಾಗಿರುವಾಗ, ಬೇರುಸಹಿತ ನಡೆಯಬೇಕು. ಈ ಕಳೆಯಿಂದ ಚರ್ಮದ ತುರಿಕೆ ಮತ್ತು ಉಬ್ಬಸ ಬರುವುದರಿಂದ ಕೆಲಸಗಾರರಿಗೆ ಕೈಗವಸು ಹಾಗೂ ಮೂಗು-ಬಾಯಿಗೆ ಮರೆಯಾಗುವ ಬಟ್ಟೆಯನ್ನು ಮೊದಲೇ ಒದಗಿಸತಕ್ಕದ್ದು.